ಸೂಜಿ ಬಿಟ್ಟು ಬೆಳಕು ಹಿಡಿದರೆ: ಲೇಸರ್ ಮೂಲಕ ಚರ್ಮದೊಳಗೆ ಔಷಧ

ಇದು ವಿಜ್ಞಾನಾಸಕ್ತರ ಸಭೆಯೊಂದರಲ್ಲಿ ನಾನು ನೀಡಿದ ಉಪನ್ಯಾಸದ ಬರಹ ರೂಪ. ಅಂದು ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿ ಇಲ್ಲವಾದ್ದರಿಂದ ಅವು ಹೇಳುತ್ತಿದ್ದುದನ್ನು ಮಾತಿನಲ್ಲೇ ತುಂಬಿಕೊಟ್ಟಿದ್ದೇನೆ. ಕೇಳುಗರು ಎತ್ತಿದ ಎರಡು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದ್ದೇನೆ.

ನಾವು ಇಂದು ಬಳಸುವ ಚುಚ್ಚುಮದ್ದಿನ ಸೂಜಿ ಮತ್ತು ಸಿರಿಂಜು 1853ರಲ್ಲಿ ಬಂದವು. ಎಡಿನ್‌ಬರೋದ ಅಲೆಕ್ಸಾಂಡರ್ ವುಡ್ ಮತ್ತು ಫ್ರಾನ್ಸಿನ ಚಾರ್ಲ್ಸ್ ಪ್ರವಾಜ್ ಹೆಚ್ಚುಕಡಿಮೆ ಒಂದೇ ಕಾಲಕ್ಕೆ, ಒಬ್ಬರಿಗೊಬ್ಬರು ತಿಳಿಯದೆ, ಟೊಳ್ಳು ಸೂಜಿಯ ಮೂಲಕ ದೇಹದೊಳಗೆ ದ್ರವ ಸೇರಿಸುವ ಉಪಕರಣವನ್ನು ಬಳಕೆಗೆ ತಂದರು. ಗಾಜು ಹೋಗಿ ಪ್ಲಾಸ್ಟಿಕ್ ಬಂದಿತು, ಕುದಿಸಿ ಮತ್ತೆ ಬಳಸುವ ಪದ್ಧತಿ ಹೋಗಿ ಒಮ್ಮೆ ಬಳಸಿ ಎಸೆಯುವ ಪದ್ಧತಿ ಬಂದಿತು. ಮೂಲ ತತ್ತ್ವ ಮಾತ್ರ ಹಾಗೆಯೇ ಉಳಿದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,600 ಕೋಟಿ ಇಂಜೆಕ್ಷನ್‌ಗಳನ್ನು ಕೊಡಲಾಗುತ್ತದೆ. ಅದೇ ಸಂಸ್ಥೆ ಉಲ್ಲೇಖಿಸಿದ ಅಧ್ಯಯನದ ಪ್ರಕಾರ, 2010ರ ಒಂದೇ ವರ್ಷದಲ್ಲಿ ಅಸುರಕ್ಷಿತ ಇಂಜೆಕ್ಷನ್‌ಗಳಿಂದ 17 ಲಕ್ಷದಷ್ಟು ಜನರಿಗೆ ಹೆಪಟೈಟಿಸ್ ಬಿ, 3 ಲಕ್ಷದ 15 ಸಾವಿರದಷ್ಟು ಜನರಿಗೆ ಹೆಪಟೈಟಿಸ್ ಸಿ, 33,800ರಷ್ಟು ಜನರಿಗೆ ಎಚ್‌ಐವಿ ಸೋಂಕು ತಗುಲಿರಬಹುದು. ಸೂಜಿಯನ್ನು ಬಿಡಬೇಕೆಂಬ ಹಂಬಲಕ್ಕೆ ನಿಜವಾದ ಕಾರಣ ಈ ಅಂಕಿಗಳಲ್ಲಿದೆ. ಮಕ್ಕಳ ಅಳು, ದೊಡ್ಡವರ ಭಯ ಇವೂ ಕಾರಣಗಳೇ, ಆದರೆ ಅವು ಎರಡನೆಯ ಸಾಲಿನವು.

ಇಷ್ಟು ದೂರು ಹೊತ್ತ ಉಪಕರಣ ನೂರೆಪ್ಪತ್ತು ವರ್ಷ ಹೇಗೆ ಉಳಿಯಿತು ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಸಿರಿಂಜಿನ ಮೈಮೇಲೆ ಅಳತೆಯ ಗೆರೆಗಳಿವೆ. ಅರ್ಧ ಮಿಲಿಲೀಟರ್ ಎಂದರೆ ಅರ್ಧ ಮಿಲಿಲೀಟರ್; ಅಷ್ಟೂ ಒಳಗೆ ಹೋಗಿದೆ, ಇಂಥ ಪದರಕ್ಕೇ ಹೋಗಿದೆ ಎಂದು ನರ್ಸ್ ಖಚಿತವಾಗಿ ಬರೆದಿಡಬಹುದು. ಲೇಸರ್ ಆಗಲಿ ಬೇರೆ ಯಾವುದೇ ವಿಧಾನವಾಗಲಿ ಸೂಜಿಯ ಜಾಗಕ್ಕೆ ಬರಬೇಕಾದರೆ ಚರ್ಮವನ್ನು ದಾಟಿದರೆ ಸಾಲದು, ಈ ಖಚಿತತೆಯನ್ನೂ ಕೊಡಬೇಕು. ಈ ಕ್ಷೇತ್ರದ ವರದಿಗಳನ್ನು ಓದುವಾಗ ದಾಟುವ ಮಾತು ಬಹಳ, ಅಳತೆಯ ಮಾತು ಕಡಿಮೆ ಎನ್ನುವುದು ನನ್ನ ಅಭಿಪ್ರಾಯ. ಹಾಗಾಗಿ ಇಂದಿನ ಮಾತಿನುದ್ದಕ್ಕೂ ಎರಡನ್ನೂ ಬೇರೆಬೇರೆಯಾಗಿ ನೋಡುತ್ತಾ ಹೋಗುತ್ತೇನೆ.

ಚರ್ಮದ ತೀರ ಮೇಲಿನ ಪದರದಲ್ಲಿ ಜೀವವಿಲ್ಲ. ದೇಹದ ಬಹುಭಾಗದಲ್ಲಿ ಅದರ ದಪ್ಪ 10ರಿಂದ 20 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸು. ಸತ್ತು ಚಪ್ಪಟೆಯಾದ ಜೀವಕೋಶಗಳು ಇಟ್ಟಿಗೆಗಳಂತೆ ಒಂದರ ಮೇಲೊಂದು ಕೂತಿದ್ದು, ಅವುಗಳ ನಡುವೆ ಕೊಬ್ಬಿನ ಅಂಶಗಳು ಗಾರೆಯಂತೆ ತುಂಬಿಕೊಂಡಿವೆ. ಒಳಗಿನ ನೀರು ಆರಿಹೋಗದಂತೆ, ಹೊರಗಿನ ರೋಗಾಣುಗಳು ಒಳಬರದಂತೆ ತಡೆಯುವುದು ಮುಖ್ಯವಾಗಿ ಈ ಪದರವೇ. ಇದರ ಕೆಳಗೆ ಜೀವಂತ ಹೊರಚರ್ಮವಿದೆ, ಅದರಡಿ ರಕ್ತನಾಳಗಳೂ ನರಗಳೂ ಇರುವ ಒಳಚರ್ಮವಿದೆ. ಔಷಧವೊಂದು ಸತ್ತ ಪದರವನ್ನು ದಾಟಿಬಿಟ್ಟರೆ ಮುಂದಿನ ಹಾದಿ ಅಷ್ಟು ಕಷ್ಟದ್ದಲ್ಲ.

ಆ ಪದರವನ್ನು ದಾಟಲು ಅಣುವಿನ ಗಾತ್ರ ಚಿಕ್ಕದಿರಬೇಕು, ಕೊಬ್ಬಿನಲ್ಲಿ ಕರಗುವ ಗುಣವೂ ಸ್ವಲ್ಪ ಇರಬೇಕು. ಅಣುವಿನ ತೂಕವನ್ನು ಡಾಲ್ಟನ್ ಎಂಬ ಮಾನದಲ್ಲಿ ಹೇಳುತ್ತಾರೆ; ಸುಮಾರು 500 ಡಾಲ್ಟನ್ ತೂಕಕ್ಕಿಂತ ದೊಡ್ಡ ಅಣುಗಳು ಇಡಿಯಾದ ಚರ್ಮವನ್ನು ಹೆಚ್ಚಾಗಿ ದಾಟುವುದಿಲ್ಲ ಎಂಬುದು ಚರ್ಮವೈದ್ಯರಲ್ಲಿ ರೂಢಿಯಾದ ಲೆಕ್ಕ. ನಿಕೋಟಿನ್ ಅಣುವಿನ ತೂಕ 162, ತೀವ್ರ ನೋವಿಗೆ ಕೊಡುವ ಫೆಂಟನಿಲ್‌ನದು ಸುಮಾರು 336. ಇವೆರಡೂ ಪಟ್ಟಿಯ ರೂಪದಲ್ಲಿ ಚರ್ಮದ ಮೇಲೆ ಅಂಟಿಸಿದರೆ ರಕ್ತಕ್ಕೆ ಇಳಿಯುತ್ತವೆ. ಇಂಥ ಔಷಧ ಪಟ್ಟಿಗಳಲ್ಲಿ ಅಮೆರಿಕದಲ್ಲಿ ಮೊದಲು ಒಪ್ಪಿಗೆ ಪಡೆದದ್ದು 1979ರಲ್ಲಿ ಬಂದ ಸ್ಕೋಪೊಲಮಿನ್ ಪಟ್ಟಿ. ಪ್ರಯಾಣದಲ್ಲಿ ವಾಂತಿ ಬರುವವರು ಅದನ್ನು ಕಿವಿಯ ಹಿಂದೆ ಅಂಟಿಸಿಕೊಳ್ಳುತ್ತಾರೆ. ಆದರೆ ಇನ್ಸುಲಿನ್ನಿನ ತೂಕ ಸುಮಾರು 5,800 ಡಾಲ್ಟನ್, ಪ್ರತಿಕಾಯಗಳದು ಒಂದೂವರೆ ಲಕ್ಷದ ಹತ್ತಿರ. ಈ ಕಾಲದ ಮುಖ್ಯ ಔಷಧಗಳಲ್ಲಿ ಹಲವು ಈ ದೊಡ್ಡ ಅಣುಗಳ ಗುಂಪಿನವು. ಅವಕ್ಕೆ ಪಟ್ಟಿ ಸಾಲದು, ಗೋಡೆಯಲ್ಲಿ ಬಾಗಿಲು ಬೇಕು.

ಬೆಳಕಿನಿಂದ ಆ ಬಾಗಿಲನ್ನು ತೆರೆಯುವ ಪ್ರಯತ್ನದ ಬೇರು ಅಮೆರಿಕದ ಬಾಸ್ಟನ್ ನಗರದಲ್ಲಿದೆ. ಅಲ್ಲಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ 1983ರಲ್ಲಿ, ತಕ್ಕ ಬಣ್ಣದ ಬೆಳಕನ್ನು ತಕ್ಕಷ್ಟು ಕಡಿಮೆ ಹೊತ್ತು ಹಾಯಿಸಿದರೆ ಸುತ್ತಲಿನ ಅಂಗಾಂಶವನ್ನು ಸುಡದೆ ಗುರಿಯಿಟ್ಟ ಭಾಗವನ್ನಷ್ಟೇ ಬಿಸಿ ಮಾಡಬಹುದು ಎಂಬ ತತ್ತ್ವವನ್ನು ಮಂಡಿಸಿದರು. ಪ್ಯಾರಿಶ್ ಅವರೂ ಇದ್ದ ತಂಡದಲ್ಲಿ ಸ್ಟೀವನ್ ಜಾಕ್ಸ್ 1987ರಲ್ಲಿ ಅತಿನೇರಳೆ ಲೇಸರ್‌ನ ಮಿಡಿತಗಳಿಂದ, ಎಂದರೆ ಕ್ಷಣಮಾತ್ರ ಹೊಮ್ಮಿ ನಿಲ್ಲುವ ಬೆಳಕಿನಿಂದ, ಮಾನವ ಚರ್ಮದ ಸತ್ತ ಪದರವನ್ನು ಸ್ವಲ್ಪಸ್ವಲ್ಪವಾಗಿ ಕೆತ್ತಿ ತೆಗೆದು, ಚರ್ಮದ ತಡೆ ಹೇಗೆ ಕುಸಿಯುತ್ತದೆ ಎಂಬುದನ್ನು ತೋರಿಸಿದರು. ಆದರೆ ಇಡೀ ಪದರವನ್ನು ಕೆತ್ತಿದರೆ ಅದು ಗಾಯವೇ ಸರಿ. 2004ರಲ್ಲಿ ಡೀಟರ್ ಮ್ಯಾನ್‌ಸ್ಟೀನ್, ಆಂಡರ್ಸನ್ ಮತ್ತು ಸಂಗಡಿಗರು ಬೆಳಕನ್ನು ಸಾವಿರಾರು ಸೂಕ್ಷ್ಮ ಬಿಂದುಗಳಾಗಿ ಒಡೆದು, ಬಿಂದುಗಳ ನಡುವೆ ಮುಟ್ಟದ ಚರ್ಮವನ್ನು ಉಳಿಸುವ ವಿಧಾನವನ್ನು ಪ್ರಕಟಿಸಿದರು. ಉಳಿದ ಚರ್ಮದಿಂದ ಹೊಸ ಕೋಶಗಳು ಬೇಗ ಬಂದು ಆ ಸೂಕ್ಷ್ಮ ಗಾಯಗಳನ್ನು ಮಾಯಿಸುತ್ತವೆ. ಅವರ ಉದ್ದೇಶ ಮುಖದ ಸುಕ್ಕು, ಕಲೆಗಳ ಚಿಕಿತ್ಸೆಯಾಗಿತ್ತು. ಔಷಧ ಸಾಗಿಸುವ ಬಳಕೆ ಅದರ ಬೆನ್ನಿಗೆ ಬಂದದ್ದು.

ಈಗ ಎರಡು ಲೇಸರ್‌ಗಳು ಮುಖ್ಯವಾಗಿ ಬಳಕೆಯಲ್ಲಿವೆ: 2,940 ನ್ಯಾನೋಮೀಟರ್ ಅಲೆಯುದ್ದದ ಎರ್ಬಿಯಂ-ಯಾಗ್ ಮತ್ತು 10,600 ನ್ಯಾನೋಮೀಟರಿನ ಕಾರ್ಬನ್ ಡೈಆಕ್ಸೈಡ್ ಲೇಸರ್. ಎರಡೂ ಅವಕೆಂಪು ಬೆಳಕು, ಕಣ್ಣಿಗೆ ಕಾಣುವುದಿಲ್ಲ. ಎರ್ಬಿಯಂ ಬೆಳಕಿನ ಅಲೆಯುದ್ದವು ನೀರಿನ ಅಣು ಅತಿ ಹೆಚ್ಚಾಗಿ ಹೀರಿಕೊಳ್ಳುವ ಅಲೆಯುದ್ದಕ್ಕೆ ಬಹುತೇಕ ಕರಾರುವಾಕ್ಕಾಗಿ ಹೊಂದುತ್ತದೆ. ನೀರಿನಲ್ಲಿ ಒಂದು ಮೈಕ್ರಾನಿನಷ್ಟು ದೂರ ಹೋಗುವಷ್ಟರಲ್ಲಿ ಅದರ ಬಹುಪಾಲು ಶಕ್ತಿ ಕರಗಿಹೋಗುತ್ತದೆ. ಅಷ್ಟು ತೆಳುವಾದ ಪದರದಲ್ಲಿ ಅಷ್ಟೂ ಶಕ್ತಿ ಸೇರಿದಾಗ ಅಲ್ಲಿನ ನೀರು ಒಮ್ಮೆಲೇ ಆವಿಯಾಗಿ ಸಿಡಿದು, ಅಂಗಾಂಶದ ಚೂರನ್ನೂ ಜೊತೆಗೆ ಹೊತ್ತೊಯ್ಯುತ್ತದೆ. ಶಾಖ ಸುತ್ತ ಹರಡಲು ಸಮಯವೇ ಸಿಗುವುದಿಲ್ಲ.

ಚಿಕಿತ್ಸೆಯ ಕೋಣೆಯಲ್ಲಿ ಇದು ಹೀಗೆ ಕಾಣುತ್ತದೆ. ವೈದ್ಯರೂ ರೋಗಿಯೂ ರಕ್ಷಣಾ ಕನ್ನಡಕ ಹಾಕಿಕೊಳ್ಳುತ್ತಾರೆ, ಏಕೆಂದರೆ ಈ ಬೆಳಕು ಕಣ್ಣಿನ ಪಾರದರ್ಶಕ ಪಟಲವನ್ನು ಸುಡಬಲ್ಲದು. ಹಿಡಿಕೆಯನ್ನು ಚರ್ಮಕ್ಕೆ ತಾಗಿಸಿ ಕಾಲಿನಡಿಯ ಪೆಡಲ್ ಒತ್ತಿದಾಗ ಪ್ರತಿ ಮಿಡಿತಕ್ಕೂ ಚಟಪಟ ಸದ್ದು ಕೇಳಿಸುತ್ತದೆ, ಕೂದಲು ಸುಟ್ಟಂಥ ವಾಸನೆ ಬರುತ್ತದೆ, ಅದನ್ನು ಹೀರಿಕೊಳ್ಳಲು ಪಕ್ಕದಲ್ಲೇ ಕೊಳವೆಯೊಂದು ಓಡುತ್ತಿರುತ್ತದೆ. ಹಿಡಿಕೆಯನ್ನು ಎತ್ತಿದರೆ ಚರ್ಮದ ಮೇಲೆ ಚೌಕುಳಿಯಲ್ಲಿ ಜೋಡಿಸಿದ ಬಿಳಿಚುಕ್ಕಿಗಳು ಉಳಿದಿರುತ್ತವೆ. ಎರ್ಬಿಯಂ ಲೇಸರ್ ಆಳಕ್ಕೆ ಹೋಗಿದ್ದರೆ ಕೆಲವು ಚುಕ್ಕಿಗಳಲ್ಲಿ ರಕ್ತದ ಹನಿ ಮೂಡುತ್ತದೆ. ಕಾರ್ಬನ್ ಡೈಆಕ್ಸೈಡ್ ಲೇಸರ್ ರಂಧ್ರದ ಗೋಡೆಯನ್ನು ಸ್ವಲ್ಪ ಬೇಯಿಸಿಬಿಡುವುದರಿಂದ ಅಲ್ಲಿ ರಕ್ತ ಕಡಿಮೆ. ಆಮೇಲೆ ಔಷಧವನ್ನು ಹನಿಯಾಗಿಯೋ ಮುಲಾಮಾಗಿಯೋ ಅದರ ಮೇಲೆ ಸವರುತ್ತಾರೆ.

ಒಂದು ಪ್ರಯೋಗದ ಅಂಕಿಗಳನ್ನು ಕೊಡುತ್ತೇನೆ, ಏಕೆಂದರೆ ಈ ವಿಧಾನದ ಬಲ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಡೆನ್ಮಾರ್ಕಿನ ಚರ್ಮವೈದ್ಯೆ ಮೆರೆಟೆ ಹೇಡರ್ಸ್‌ಡಾಲ್ ಮತ್ತು ಬಾಸ್ಟನ್ನಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಹಂದಿಯ ಚರ್ಮದಲ್ಲಿ ಕಾರ್ಬನ್ ಡೈಆಕ್ಸೈಡ್ ಲೇಸರ್‌ನಿಂದ ಸುಮಾರು 300 ಮೈಕ್ರಾನ್ ಅಗಲದ, 1.8 ಮಿಲಿಮೀಟರಿನಷ್ಟು ಆಳದ ರಂಧ್ರಗಳನ್ನು ಮಾಡಿ, ಅದರ ಮೇಲೆ ಮಿಥೈಲ್ ಅಮೈನೊಲೆವುಲಿನೇಟ್ ಎಂಬ ಮುಲಾಮನ್ನು ಹಚ್ಚಿದರು. ಈ ವಸ್ತು ಒಳಗೆ ಸೇರಿದ ಕಡೆ ಚರ್ಮದ ಕೋಶಗಳು ಬೆಳಕಿಗೆ ಕೆಂಪಾಗಿ ಹೊಳೆಯುವ ಪೋರ್ಫಿರಿನ್ ತಯಾರಿಸುತ್ತವೆ. ಹಾಗಾಗಿ ಔಷಧ ಎಲ್ಲಿಯವರೆಗೆ ತಲುಪಿದೆ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ನೇರವಾಗಿ ನೋಡಬಹುದು. ಹೊಳಪು ಪ್ರತಿ ರಂಧ್ರದ ಸುತ್ತ ಸುಮಾರು ಒಂದೂವರೆ ಮಿಲಿಮೀಟರ್ ದೂರದವರೆಗೆ ಹರಡಿತ್ತು. ಎಂದರೆ ರಂಧ್ರಗಳು ತೀರ ಒತ್ತೊತ್ತಾಗಿರಬೇಕಿಲ್ಲ. ಚರ್ಮದ ಮೇಲ್ಮೈಯ ಸಣ್ಣದೊಂದು ಪಾಲನ್ನು ತೆರೆದರೂ ಅಡಿಯಲ್ಲಿ ಔಷಧ ಒಂದನ್ನೊಂದು ಕೂಡಿಕೊಳ್ಳುತ್ತದೆ.

ಈ ಮುಲಾಮನ್ನು ಯುರೋಪಿನಲ್ಲಿ ಬಿಸಿಲಿನಿಂದ ಕೆಟ್ಟ ಬಿಳಿ ಚರ್ಮದ ಕ್ಯಾನ್ಸರ್‌ಪೂರ್ವ ಒರಟು ಮಚ್ಚೆಗಳಿಗೆ ಬಳಸುತ್ತಾರೆ. ನಮ್ಮಲ್ಲಿ ಆ ತೊಂದರೆ ಕಡಿಮೆ. ನಮ್ಮ ಚರ್ಮವೈದ್ಯರಿಗೆ ಹತ್ತಿರವಾದ ಉದಾಹರಣೆ ಕೆಲಾಯ್ಡ್, ಎಂದರೆ ಗಾಯ ಮಾಯ್ದ ಮೇಲೂ ಉಬ್ಬುತ್ತಲೇ ಹೋಗುವ ಗಟ್ಟಿ ಕಲೆ. ಅದಕ್ಕೆ ಟ್ರಯಾಮ್ಸಿನೊಲೋನ್ ಎಂಬ ಸ್ಟಿರಾಯ್ಡ್ ಅನ್ನು ಕಲೆಯೊಳಗೇ ಚುಚ್ಚುವುದು ವಾಡಿಕೆ. ಕಲೆಯ ಅಂಗಾಂಶ ಎಷ್ಟು ಬಿಗಿಯಾಗಿರುತ್ತದೆ ಎಂದರೆ ಹೆಬ್ಬೆರಳು ಬಿಳಚುವಷ್ಟು ಒತ್ತಿದರೂ ದ್ರವ ಒಳಗೆ ಹೋಗದೆ ಸೂಜಿಯ ಬುಡದಿಂದ ಹಿಂದಕ್ಕೆ ಜಿನುಗುತ್ತದೆ. ರೋಗಿಗೆ ಆಗುವ ನೋವು ಸಾಮಾನ್ಯ ಇಂಜೆಕ್ಷನ್ನಿನ ನೋವಲ್ಲ. ಇಂಥ ಕಡೆ ಲೇಸರ್‌ನಿಂದ ಸಾಲು ರಂಧ್ರಗಳನ್ನು ಕೊರೆದು ಅದೇ ದ್ರವವನ್ನು ಮೇಲೆ ಹನಿಸಿದರೆ, ಕಲೆಯ ಉದ್ದಗಲಕ್ಕೂ ಹೆಚ್ಚು ಸಮನಾಗಿ ಇಳಿಯುತ್ತದೆ. ತೊನ್ನಿನ ಮಚ್ಚೆಗಳ ಮೇಲೂ ಇದೇ ಬಗೆಯಲ್ಲಿ ಔಷಧ ಇಳಿಸುವ ಪ್ರಯೋಗಗಳು ನಡೆದಿವೆ. ಮರಗಟ್ಟಿಸುವ ಲಿಡೊಕೇಯ್ನ್ ಮುಲಾಮು ಮಾಮೂಲಿಯಾಗಿ ಕೆಲಸ ಮಾಡಲು ಸುಮಾರು ಒಂದು ಗಂಟೆ ಬೇಕು. ಸತ್ತ ಪದರವನ್ನು ಮೊದಲೇ ತೆಗೆದಿದ್ದರೆ ಕೆಲವೇ ನಿಮಿಷ ಸಾಕಾಗುತ್ತದೆ.

ಗಮನಿಸಿ, ಈ ಎಲ್ಲ ಉದಾಹರಣೆಗಳಲ್ಲೂ ಔಷಧ ಕೆಲಸ ಮಾಡಬೇಕಾದದ್ದು ಚರ್ಮದಲ್ಲೇ. ಒಳಗೆ ಹೋದದ್ದು ಸ್ವಲ್ಪ ಹೆಚ್ಚಾದರೂ ಕಡಿಮೆಯಾದರೂ ವೈದ್ಯರು ಕಲೆಯನ್ನು ನೋಡಿ ಮುಂದಿನ ಬಾರಿ ಸರಿಪಡಿಸಿಕೊಳ್ಳಬಹುದು. ಔಷಧ ರಕ್ತಕ್ಕೆ ಹೋಗಬೇಕಾದಾಗ ಈ ಅವಕಾಶ ಇರುವುದಿಲ್ಲ. ರಂಧ್ರದ ಆಳ, ಅಗಲ, ಸಾಂದ್ರತೆಗಳನ್ನು ಯಂತ್ರದಲ್ಲಿ ಕರಾರುವಾಕ್ಕಾಗಿ ನಮೂದಿಸಬಹುದು. ಲಿಕ್ಟೆನ್‌ಸ್ಟೈನ್‌ನ ಪ್ಯಾಂಟೆಕ್ ಬಯೋಸೊಲ್ಯೂಷನ್ಸ್ ಸಂಸ್ಥೆ ಎರ್ಬಿಯಂ ಲೇಸರ್ ಬಳಸಿ ಔಷಧ ಸಾಗಣೆಗೆಂದೇ ಇಂಥ ಯಂತ್ರವನ್ನು ರೂಪಿಸಿತು. ಆದರೆ ಅಂಗೈಯ ಚರ್ಮ ಬೇರೆ, ಮುಂಗೈಯದು ಬೇರೆ. ಬೆವರಿದ ಚರ್ಮ ಬೇರೆ, ಒಣಗಿದ್ದು ಬೇರೆ. ರಂಧ್ರವಾದ ಸ್ವಲ್ಪ ಹೊತ್ತಿನಲ್ಲೇ ಒಳಗಿನಿಂದ ದ್ರವ ಒಸರಿ ಅದನ್ನು ತುಂಬತೊಡಗುತ್ತದೆ, ಅದು ಹೆಪ್ಪುಗಟ್ಟಿದಂತೆ ಹಾದಿ ಕಿರಿದಾಗುತ್ತದೆ. ಮೇಲೆ ಹಚ್ಚಿದ ಔಷಧದಲ್ಲಿ ಎಷ್ಟು ಒಳಗೆ ಹೋಯಿತು, ಎಷ್ಟು ಮೇಲೆಯೇ ಉಳಿದು ಬಟ್ಟೆಗೆ ಒರೆಸಿಹೋಯಿತು ಎಂಬುದನ್ನು ಮನುಷ್ಯನಲ್ಲಿ ಅಳೆಯುವ ಸರಳ ದಾರಿ ಇಲ್ಲ.

ಅಳತೆ ತಪ್ಪಿದರೆ ಏನಾಗಬಹುದು ಎಂಬುದಕ್ಕೆ ಒಂದು ಕಹಿ ಉದಾಹರಣೆ ಇದೆ. ಲೇಸರ್‌ನಿಂದ ಕೂದಲು ತೆಗೆಸಿಕೊಳ್ಳುವ ಮುನ್ನ ಕಾಲಿಗೆ ಮರಗಟ್ಟಿಸುವ ಮುಲಾಮನ್ನು ದಪ್ಪಗೆ ಹಚ್ಚಿ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡಿದ್ದ 22 ಮತ್ತು 25 ವರ್ಷದ ಇಬ್ಬರು ಹೆಣ್ಣುಮಕ್ಕಳು ಅಮೆರಿಕದಲ್ಲಿ ಸತ್ತದ್ದನ್ನು ಉಲ್ಲೇಖಿಸಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ 2007ರಲ್ಲಿ ಸಾರ್ವಜನಿಕ ಎಚ್ಚರಿಕೆ ನೀಡಿತು. ಅವರ ಚರ್ಮದಲ್ಲಿ ಇನ್ನೂ ಲೇಸರ್ ಆಡಿರಲಿಲ್ಲ, ಗೋಡೆ ಇಡಿಯಾಗಿಯೇ ಇತ್ತು. ರಂಧ್ರ ಕೊರೆದ ಚರ್ಮದ ಮೇಲೆ ಅದೇ ಮುಲಾಮನ್ನು ಅಷ್ಟೇ ಧಾರಾಳವಾಗಿ ಹಚ್ಚಿದರೆ ಎಂಬ ಪ್ರಶ್ನೆಯನ್ನು ನಿಮಗೇ ಬಿಡುತ್ತೇನೆ. ಇನ್ನೊಂದು ಅಪಾಯವೂ ಇದೆ. ಮೇಲೆ ಸವರುವ ಮುಲಾಮುಗಳು, ಸೀರಮ್‌ಗಳು ಇಂಜೆಕ್ಷನ್ನಿನ ದ್ರವದಂತೆ ರೋಗಾಣುರಹಿತವಾಗಿ ತಯಾರಾದವಲ್ಲ; ಅವುಗಳಲ್ಲಿ ಸುಗಂಧ, ಬಣ್ಣ, ಕೆಡದಂತೆ ಇಡುವ ರಾಸಾಯನಿಕಗಳು ಇರುತ್ತವೆ. ಸಣ್ಣ ಮುಳ್ಳುಗಳ ಉರುಳೆಯಿಂದ ಚುಚ್ಚಿದ ಮುಖಕ್ಕೆ ವಿಟಮಿನ್ ಸಿ ಸೀರಮ್ ಹಚ್ಚಿದವರಲ್ಲಿ ಗಂಟುಗಳೆದ್ದ ಪ್ರಕರಣಗಳು 2014ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾದವು. ಸೌಂದರ್ಯ ಚಿಕಿತ್ಸೆಯ ಅಂಗಡಿಗಳಲ್ಲಿ ಲೇಸರ್ ಮುಗಿದ ಕೂಡಲೇ ಕೈಗೆ ಸಿಕ್ಕ ಸೀಸೆಯಿಂದ ಸವರುವುದನ್ನು ಕಂಡರೆ ನಿಲ್ಲಿಸಿ ಕೇಳಿ.

ನಮ್ಮ ಮೈಬಣ್ಣದ ಬಗ್ಗೆಯೂ ಹೇಳಬೇಕು. ಎರ್ಬಿಯಂ ಬೆಳಕು ಗುರಿಯಿಡುವುದು ನೀರನ್ನು, ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಅನ್ನಲ್ಲ. ಹಾಗಾಗಿ ರಂಧ್ರ ಕೊರೆಯುವ ಹಂತದಲ್ಲಿ ಬಿಳಿ ಚರ್ಮಕ್ಕೂ ಕಂದು ಚರ್ಮಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಸಣ್ಣ ಉರಿಯೂತವಾದರೂ ಕಂದು ಚರ್ಮ ಅಲ್ಲಿ ಹೆಚ್ಚು ಬಣ್ಣ ಕೂಡಿಹಾಕುತ್ತದೆ, ಚುಕ್ಕಿಗಳಿದ್ದ ಕಡೆ ತಿಂಗಳುಗಟ್ಟಲೆ ಕಪ್ಪು ಉಳಿಯಬಹುದು. ತಿಂಗಳಿಗೊಮ್ಮೆ ಹಾಕಿಸಿಕೊಳ್ಳಬೇಕಾದ ಔಷಧಕ್ಕೆ ಇದು ಸಣ್ಣ ಅಡ್ಡಿಯೇನಲ್ಲ.

ಈವರೆಗೆ ಹೇಳಿದ್ದು ರಂಧ್ರ ಕೊರೆದು ಔಷಧ ಸವರುವ ದಾರಿ. ಈಗ ಎರಡನೆಯ ದಾರಿ. ಇದರಲ್ಲಿ ಲೇಸರ್ ಚರ್ಮವನ್ನು ಮುಟ್ಟುವುದೇ ಇಲ್ಲ. ಔಷಧವನ್ನೇ ಕೂದಲೆಳೆಯಷ್ಟು ತೆಳುವಾದ ಧಾರೆಯಾಗಿ ಚಿಮ್ಮಿಸುತ್ತದೆ, ಆ ಧಾರೆಯೇ ಚರ್ಮವನ್ನು ತೂರುತ್ತದೆ. ಧಾರೆಯಿಂದ ಚುಚ್ಚುವ ಯಂತ್ರಗಳು ಹಳೆಯವೇ. ಸಿಡುಬು ನಿರ್ಮೂಲನದ ಕಾಲದಲ್ಲಿ ಆಫ್ರಿಕಾದಲ್ಲಿ ಸಾಲುಗಟ್ಟಿ ನಿಂತ ಜನರಿಗೆ ಪೆಡ್-ಒ-ಜೆಟ್ ಎಂಬ ಪಿಸ್ತೂಲಿನಾಕಾರದ ಯಂತ್ರದಿಂದ ಲಸಿಕೆ ಹಾಕಿದರು. ಆದರೆ ಧಾರೆ ಚರ್ಮಕ್ಕೆ ಬಡಿದಾಗ ರಕ್ತದ ಸೂಕ್ಷ್ಮ ಹನಿಗಳು ಹಿಂದಕ್ಕೆ ಸಿಡಿದು ಯಂತ್ರದ ಮೂತಿಗೆ ಅಂಟುತ್ತಿದ್ದವು, ಅದೇ ಮೂತಿ ಮುಂದಿನವರ ತೋಳಿಗೆ ಹೋಗುತ್ತಿತ್ತು. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ತೂಕ ಇಳಿಸುವ ಚಿಕಿತ್ಸಾಲಯವೊಂದರಲ್ಲಿ ಇಂಥ ಯಂತ್ರದಿಂದ ಹೆಪಟೈಟಿಸ್ ಬಿ ಹರಡಿದ್ದು ಸಾಬೀತಾಯಿತು. 1997ರಲ್ಲಿ ಅಮೆರಿಕದ ಸೇನೆ ಬಹುಜನ ಬಳಕೆಯ ಧಾರಾ ಯಂತ್ರಗಳನ್ನು ಕೈಬಿಟ್ಟಿತು. ಸ್ಪ್ರಿಂಗ್ ಅಥವಾ ಅನಿಲದ ಒತ್ತಡ ಒಮ್ಮೆ ಬಿಟ್ಟಿತೆಂದರೆ ಮಧ್ಯದಲ್ಲಿ ಹಿಡಿತಕ್ಕೆ ಸಿಗುವುದಿಲ್ಲ. ಅತಿಯಾದ ಒತ್ತಡವೇ ನೋವಿಗೂ ಹೀಗೆ ಹನಿಗಳು ಹಿಂದಕ್ಕೆ ಸಿಡಿಯುವುದಕ್ಕೂ ಕಾರಣ. ಲೇಸರ್ ಇಲ್ಲಿ ಕೊಡುವ ಭರವಸೆ ಹಿಡಿತ.

ದಕ್ಷಿಣ ಕೊರಿಯಾದ ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ಜ್ಯಾಕ್ ಯೋ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಸಾಧನದಲ್ಲಿ ಪುಟ್ಟ ಕೋಣೆಗಳೆರಡು. ಒಂದರಲ್ಲಿ ನೀರು, ಇನ್ನೊಂದರಲ್ಲಿ ದ್ರವರೂಪದ ಔಷಧ, ನಡುವೆ ಹಿಗ್ಗುವ ರಬ್ಬರಿನಂಥ ಪೊರೆ. ಅದೇ ಎರ್ಬಿಯಂ ಲೇಸರ್‌ನ ಮಿಡಿತವೊಂದು, ಒಂದು ಸೆಕೆಂಡಿನ ನಾಲ್ಕು ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು, ನೀರಿನ ಕೋಣೆಗೆ ಬೀಳುತ್ತದೆ. ನೀರಿನಲ್ಲಿ ಆವಿಯ ಗುಳ್ಳೆ ಉಬ್ಬುತ್ತದೆ, ಪೊರೆ ಔಷಧದ ಕಡೆಗೆ ಬಾಗುತ್ತದೆ, ಔಷಧ 150 ಮೈಕ್ರಾನ್ ಅಗಲದ ಕಂಡಿಯಿಂದ ಚಿಮ್ಮುತ್ತದೆ. ಪೊರೆ ನಡುವೆ ಇರುವುದರಿಂದ ಬೆಳಕಿನ ಶಾಖ ಔಷಧಕ್ಕೆ ತಗುಲುವುದಿಲ್ಲ. ಶಾಖಕ್ಕೆ ಕೆಡುವ ಪ್ರೋಟೀನ್ ಔಷಧಗಳ ದೃಷ್ಟಿಯಿಂದ ಇಡೀ ಸಾಧನದಲ್ಲಿ ನನಗೆ ಅತಿ ಹೆಚ್ಚು ಮೆಚ್ಚುಗೆಯಾದದ್ದು ಈ ಸಾದಾ ಪೊರೆಯೇ. ಚರ್ಮವೈದ್ಯರ ಬಳಿ ಈಗಾಗಲೇ ಇರುವ ಲೇಸರ್‌ಗೇ ಇದನ್ನು ಜೋಡಿಸಬಹುದು ಎಂಬುದೂ ಅವರ ಲೆಕ್ಕಾಚಾರವಾಗಿತ್ತು.

ಅದೇ 2012ರಲ್ಲಿ ನೆದರ್‌ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ಯೋಶಿಯುಕಿ ತಗಾವಾ ಮತ್ತು ತಂಡ, ತೆಳು ಗಾಜಿನ ಕೊಳವೆಯಲ್ಲಿ ಲೇಸರ್ ಮಿಡಿತದಿಂದ ಸೆಕೆಂಡಿಗೆ 850 ಮೀಟರ್ ವೇಗದವರೆಗಿನ, ಎಂದರೆ ಗಾಳಿಯಲ್ಲಿನ ಶಬ್ದವೇಗದ ಎರಡೂವರೆ ಪಟ್ಟಿನ ಧಾರೆಗಳನ್ನು ಪಡೆಯಿತು. ಕೊಳವೆಯಲ್ಲಿ ದ್ರವದ ಮೇಲ್ಮೈ ಒಳಬಾಗಿರುವುದರಿಂದ ಧಾರೆಯ ತುದಿ ಕೊಳವೆಗಿಂತ ಬಹಳ ಸಪುರವಾಗಿ ಹೊರಬರುತ್ತದೆ. ಅದೇ ವಿಶ್ವವಿದ್ಯಾಲಯದ ಡೇವಿಡ್ ಫೆರ್ನಾಂಡೆಜ್ ರಿವಾಸ್ ಅವರ ತಂಡ ದುಬಾರಿ ಮಿಡಿತ ಲೇಸರ್ ಬಿಟ್ಟು, ಅಗ್ಗದ ಲೇಸರ್ ಡಯೋಡಿನಿಂದ ಗಾಜಿನ ಪುಟ್ಟ ಬಿಲ್ಲೆಯಲ್ಲಿ (ಚಿಪ್) ಗುಳ್ಳೆ ಎಬ್ಬಿಸುವ ಹಾದಿ ಹಿಡಿದಿದೆ.

ಈ ಸಾಧನಗಳ ಮಿತಿ ಪರಿಮಾಣದ್ದು. ಒಂದು ಮಿಡಿತಕ್ಕೆ ಒಂದು ಮೈಕ್ರೋಲೀಟರ್, ಎಂದರೆ ಮಿಲಿಲೀಟರಿನ ಸಾವಿರದಲ್ಲಿ ಒಂದು ಭಾಗ, ಹೋಗುತ್ತದೆಂದೇ ಇಟ್ಟುಕೊಂಡರೂ ಅರ್ಧ ಮಿಲಿಲೀಟರಿನ ಲಸಿಕೆಗೆ 500 ಮಿಡಿತ ಬೇಕು, ಅಷ್ಟು ಹೊತ್ತೂ ಮಗುವಿನ ತೋಳು ಅಲುಗಬಾರದು. ಇನ್ನೊಂದೆಡೆ, ಎಣಿಸಬಹುದಾದ ಮಿಡಿತ ಎಂದರೆ ಎಣಿಸಬಹುದಾದ ಪ್ರಮಾಣ; ರಂಧ್ರ ಕೊರೆದು ಮುಲಾಮು ಸವರುವ ದಾರಿಗಿಂತ ಅಳತೆಯ ಮಟ್ಟಿಗೆ ಇದು ಸೂಜಿಗೆ ಹತ್ತಿರ. ನನ್ನ ಒಲವು ಈ ಕಡೆಗೆ ಇರುವುದಕ್ಕೆ ಕಾರಣ ಇದು.

ಬೆಂಗಳೂರಿನಲ್ಲಿಯೂ ಇದಕ್ಕೆ ನಂಟಿರುವ ಕೆಲಸ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಂತರಿಕ್ಷಯಾನ ಎಂಜಿನಿಯರಿಂಗ್ ವಿಭಾಗದ ಗೋಪಾಲನ್ ಜಗದೀಶ್, ಸೂಕ್ಷ್ಮಜೀವಿ ವಿಜ್ಞಾನಿ ದೀಪ್‌ಶಿಖಾ ಚಕ್ರವರ್ತಿ ಮತ್ತು ಸಂಗಡಿಗರು ಸೂಕ್ಷ್ಮ ಆಘಾತ ತರಂಗದಿಂದ (ಒಮ್ಮೆಲೇ ಏರುವ ಒತ್ತಡದ ಅಲೆಯಿಂದ) ಲಸಿಕೆಯನ್ನು ಚರ್ಮದೊಳಗೆ ತಳ್ಳುವ ಸಾಧನವನ್ನು ಮಾಡಿ, ಇಲಿಗಳಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ವಿರುದ್ಧದ ಲಸಿಕೆಯ ಪರೀಕ್ಷೆ ನಡೆಸಿ 2011ರಲ್ಲಿ ಪ್ರಕಟಿಸಿದರು. ಅಲ್ಲಿ ಒತ್ತಡ ಹುಟ್ಟಿಸಿದ್ದು ಲೇಸರ್ ಅಲ್ಲ, ಅತ್ಯಲ್ಪ ಸ್ಫೋಟಕ. ಆದರೆ ಒತ್ತಡದಲ್ಲಿ ಪೊರೆಯೊಂದು ಉಬ್ಬಿ ದ್ರವ ಚಿಮ್ಮುವ ತತ್ತ್ವ ಕೊರಿಯಾದ್ದಕ್ಕೆ ತೀರ ಹತ್ತಿರ. ಮುಂಬಯಿ ಐಐಟಿಯ ವೀರೆನ್ ಮೆನೆಜಸ್ ಮೊದಲು ಜಪಾನಿನಲ್ಲಿ, ಲೇಸರ್‌ನಿಂದ ಲೋಹದ ತೆಳು ಹಾಳೆಗೆ ಹೊಡೆದು ಔಷಧದ ಕಣಗಳನ್ನು ಹಾರಿಸುವ ಪ್ರಯೋಗದಲ್ಲಿದ್ದವರು. ಅವರ ತಂಡ 2024ರಲ್ಲಿ ಅನಿಲದ ಒತ್ತಡದಿಂದ ಕೆಲಸ ಮಾಡುವ ಆಘಾತ ಸಿರಿಂಜನ್ನು ಇಲಿಗಳಲ್ಲಿ ಪರೀಕ್ಷಿಸಿದ್ದನ್ನು ವರದಿ ಮಾಡಿತು. ರಾಕೆಟ್ಟು, ವಿಮಾನಗಳ ವಿದ್ಯೆ ಕಲಿತವರು ಚರ್ಮದ ಬಳಿಗೆ ಬಂದದ್ದು ಆಕಸ್ಮಿಕವಲ್ಲ. ಅತಿ ಕಡಿಮೆ ಹೊತ್ತಿನ ಅತಿ ಹೆಚ್ಚು ಒತ್ತಡವನ್ನು ಅಳೆಯಬಲ್ಲವರು ಅವರೇ.

ಉಪನ್ಯಾಸ ಮುಗಿದ ಮೇಲೆ ಹಿರಿಯರೊಬ್ಬರು, ದಿನಕ್ಕೆ ಎರಡು ಬಾರಿ ಇನ್ಸುಲಿನ್ ಚುಚ್ಚಿಕೊಳ್ಳುವ ತಮ್ಮಂಥವರಿಗೆ ಇದು ಯಾವಾಗ ಸಿಗುತ್ತದೆ ಎಂದು ಕೇಳಿದರು. ಇನ್ಸುಲಿನ್ ಈ ಸಾಲಿನಲ್ಲಿ ಕೊನೆಯಲ್ಲಿ ಬರುವ ಔಷಧ ಎಂದೇ ಅವರಿಗೆ ಹೇಳಿದೆ. ಕೆಲವೇ ಯೂನಿಟ್ ಹೆಚ್ಚಾದರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪುವ ಔಷಧವನ್ನು, ಎಷ್ಟು ಒಳಗೆ ಹೋಯಿತೆಂದು ಖಚಿತವಾಗಿ ಹೇಳಲಾಗದ ವಿಧಾನದಲ್ಲಿ ಕೊಡಲು ಯಾವ ವೈದ್ಯರೂ ಒಪ್ಪಬಾರದು. ಈಗಿನ ಇನ್ಸುಲಿನ್ ಪೆನ್ನಿನ ಸೂಜಿಯ ದಪ್ಪ ಸುಮಾರು ಕಾಲು ಮಿಲಿಮೀಟರ್ ಅಷ್ಟೇ; ಅದನ್ನೇ ಜಾಗ ಬದಲಿಸಿ ಚುಚ್ಚಿಕೊಳ್ಳುವುದು, ಹಳೆಯ ಸೂಜಿಯನ್ನು ಮತ್ತೆಮತ್ತೆ ಬಳಸದಿರುವುದು ಸದ್ಯಕ್ಕೆ ಹೆಚ್ಚು ಲಾಭದ ಮಾತು.

ಆಶಾ ಕಾರ್ಯಕರ್ತೆಯೊಬ್ಬರ ಪ್ರಶ್ನೆ ಅಂಗನವಾಡಿಯಲ್ಲಿ ಹಾಕುವ ಲಸಿಕೆಯ ಬಗ್ಗೆ ಇತ್ತು. ಸೂಜಿಯಿಲ್ಲದ ಲಸಿಕೆಗೆ ನಮ್ಮ ದೇಶ 2021ರ ಆಗಸ್ಟಿನಲ್ಲೇ ತುರ್ತು ಬಳಕೆಯ ಒಪ್ಪಿಗೆ ಕೊಟ್ಟಿದೆ ಎಂಬುದನ್ನು ಅವರಿಗೆ ನೆನಪಿಸಿದೆ. ಝೈಡಸ್ ಕ್ಯಾಡಿಲಾ ತಯಾರಿಸಿದ ಝೈಕೋವ್-ಡಿ ಎಂಬ ಕೋವಿಡ್ ಲಸಿಕೆಯನ್ನು ಸ್ಪ್ರಿಂಗಿನಿಂದ ನಡೆಯುವ ಫಾರ್ಮಾಜೆಟ್ ಸಾಧನದಿಂದ ಚರ್ಮದ ಪದರಕ್ಕೆ, ಪ್ರತಿ ತೋಳಿಗೆ 0.1 ಮಿಲಿಲೀಟರಿನಂತೆ ಕೊಡುವ ಏರ್ಪಾಡು ಅದು. ಅದಕ್ಕೆ ವಿದ್ಯುತ್ ಬೇಡ, ಔಷಧ ತುಂಬುವ ಮೂತಿಯನ್ನು ಒಮ್ಮೆ ಬಳಸಿ ಎಸೆಯಬಹುದು. ಹಾಗಾಗಿ ಅಂಗನವಾಡಿಯ ಬಾಗಿಲಿಗೆ ಮೊದಲು ಬರುವುದು ಸ್ಪ್ರಿಂಗೇ ಹೊರತು ಲೇಸರ್ ಅಲ್ಲ ಎಂದೆ. ಲೇಸರ್ ಅಲ್ಲಿಗೆ ಬರಬೇಕಾದರೆ ಅದರ ಮೂತಿಯೂ ಪೊರೆಯೂ ಅಷ್ಟೇ ಅಗ್ಗವಾಗಬೇಕು, ಬ್ಯಾಟರಿಯಲ್ಲಿ ನಡೆಯಬೇಕು, ಮತ್ತು ಲಸಿಕೆ ಹಾಕಿದವರು ಕಾರ್ಡಿನಲ್ಲಿ ಅನುಮಾನವಿಲ್ಲದೆ ಬರೆಯಬಹುದಾದ ಅಳತೆಯನ್ನು ಕೊಡಬೇಕು. ಅವರು ಮರುಪ್ರಶ್ನೆ ಹಾಕಿದರು: ಧಾರೆ ಸರಿಯಾಗಿ ಒಳಗೆ ಹೋಗದೆ ಚರ್ಮದ ಮೇಲೆ ಒದ್ದೆ ಉಳಿದರೆ ಮಗುವಿಗೆ ಇನ್ನೊಮ್ಮೆ ಹಾಕಬೇಕೋ ಬೇಡವೋ? ಅದಕ್ಕೆ ಸಾಧನ ತಯಾರಿಸುವವರು ಲಿಖಿತ ಉತ್ತರ ಕೊಡುವವರೆಗೆ ಅದನ್ನು ಕೈಗೆ ತೆಗೆದುಕೊಳ್ಳಬೇಡಿ ಎಂದು ಹೇಳಿದೆ.